‘ಬೇಡ’ ಎನ್ನುವವರನ್ನು ಕ್ಯಾನ್ಸರ್ ತಪಾಸಣೆಗೆ ಒಪ್ಪಿಸುವುದು: ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

“ನನಗೇನಾಗಿದೆ? ಚೆನ್ನಾಗಿಯೇ ಇದ್ದೇನಲ್ಲ!” ಎಂಬುದು ಕ್ಯಾನ್ಸರ್ ತಪಾಸಣೆಯ ಮಾತೆತ್ತಿದ ಕೂಡಲೇ ಮನೆಯವರಿಂದ ಬರುವ ಮೊದಲ ಉತ್ತರ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅವರು ನಿಜಕ್ಕೂ ಚೆನ್ನಾಗಿಯೇ ಇರುತ್ತಾರೆ. ಸ್ಕ್ರೀನಿಂಗ್ ಎಂದು ಕರೆಯಲಾಗುವ ಈ ತಪಾಸಣೆ ಇರುವುದೇ ಚೆನ್ನಾಗಿರುವವರಿಗಾಗಿ, ನೋವಾಗಲಿ ಗಂಟಾಗಲಿ ರಕ್ತಸ್ರಾವವಾಗಲಿ ಇಲ್ಲದವರಿಗಾಗಿ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ನನ್ನ ದೊಡ್ಡಮ್ಮ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಿಕೊಳ್ಳಲು ಮೂರು ವರ್ಷ ಒಪ್ಪಲಿಲ್ಲ. ಆ ಮೂರು ವರ್ಷವೂ ನಾನು ಅವರಿಗೆ ಲೇಖನಗಳನ್ನು ಓದಿ ಹೇಳಿದೆ, ಅಂಕಿಅಂಶಗಳನ್ನು ಮುಂದಿಟ್ಟೆ, ಒಮ್ಮೆ ಎಲ್ಲರೂ ಕುಳಿತಿದ್ದಾಗ ದನಿಯೇರಿಸಿ ವಾದಿಸಿದೆ. ಕೊನೆಗೆ, ಇಬ್ಬರೇ ಇದ್ದ ಒಂದು ಸಂಜೆ “ಇದರಲ್ಲಿ ನಿಮಗೆ ಯಾವುದು ಕಷ್ಟ ಅನ್ನಿಸುತ್ತದೆ, ದೊಡ್ಡಮ್ಮ?” ಎಂದು ಕೇಳಿದಾಗ, ಪರೀಕ್ಷೆ ಮಾಡುವವರು ಗಂಡಸರಾಗಿದ್ದರೆ ಏನು ಮಾಡುವುದೆಂಬ ಅಂಜಿಕೆಯೊಂದೇ ತಮ್ಮನ್ನು ತಡೆದಿದೆ ಎಂದು ಅವರು ಮೆಲ್ಲಗೆ ಹೇಳಿದರು. ಮಹಿಳಾ ತಂತ್ರಜ್ಞರಿರುವ ಕೇಂದ್ರವನ್ನು ಗೊತ್ತುಮಾಡಿಕೊಳ್ಳಲು ಒಂದು ಫೋನ್ ಕರೆ ಸಾಕಾಯಿತು. ಮೂರು ವರ್ಷ ನಾನು ಉತ್ತರ ಕೊಡುತ್ತಿದ್ದುದು ಅವರು ಕೇಳದೇ ಇದ್ದ ಪ್ರಶ್ನೆಗೆ. ಮುಂದೆ ಬರೆದಿರುವ ಹೆಜ್ಜೆಗಳೆಲ್ಲ ಈ ತಿಳಿವಳಿಕೆಯ ಸುತ್ತ ಹೆಣೆದುಕೊಂಡಿವೆ: ‘ಬೇಡ’ ಎಂಬ ಮಾತಿನ ಹಿಂದಿರುವ ಕಾರಣ ಗೊತ್ತಾಗುವವರೆಗೆ ಒಪ್ಪಿಸುವ ಕೆಲಸ ಆರಂಭವೇ ಆಗಿರುವುದಿಲ್ಲ.

ಹೆಜ್ಜೆ 1: ಅವರಿಗೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ಮೊದಲು ತಿಳಿಯಿರಿ

“ಒಮ್ಮೆ ಪೂರ್ತಿ ಚೆಕಪ್ ಮಾಡಿಸಿಬಿಡಿ” ಎಂಬ ಸಲಹೆ ಕೇಳಲು ಚೆನ್ನಾಗಿದ್ದರೂ ಅದರಿಂದ ಪ್ರಯೋಜನ ಕಡಿಮೆ. ಎಲ್ಲ ಕ್ಯಾನ್ಸರ್‌ಗಳಿಗೂ ಸ್ಕ್ರೀನಿಂಗ್ ಪರೀಕ್ಷೆ ಇಲ್ಲ, ಇರುವ ಪರೀಕ್ಷೆಗಳೂ ಎಲ್ಲರಿಗೂ ಅಗತ್ಯವಿಲ್ಲ. ಒಂದು ರೋಗಕ್ಕೆ ಸ್ಕ್ರೀನಿಂಗ್ ನಡೆಸಬೇಕಾದರೆ ಅದಕ್ಕೆ ಗುರುತಿಸಬಹುದಾದ ಆರಂಭಿಕ ಹಂತ ಇರಬೇಕು, ಜನರು ಒಪ್ಪುವಂಥ ಪರೀಕ್ಷೆ ಇರಬೇಕು, ಪತ್ತೆಯಾದವರಿಗೆ ಸರಿಯಾದ ಚಿಕಿತ್ಸೆಯೂ ದೊರೆಯುವಂತಿರಬೇಕು ಎಂಬ ಮಾನದಂಡಗಳನ್ನು ವಿಲ್ಸನ್ ಮತ್ತು ಯುಂಗ್ನರ್ ಎಂಬ ತಜ್ಞರು 1968ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಗಾಗಿ ರೂಪಿಸಿಕೊಟ್ಟರು. ಇಂದಿಗೂ ಈ ಕ್ಷೇತ್ರದ ಚರ್ಚೆಗಳು ಅಲ್ಲಿಂದಲೇ ಶುರುವಾಗುತ್ತವೆ.

ಈ ಮಾನದಂಡಗಳಿಗೆ ಅತ್ಯಂತ ಚೆನ್ನಾಗಿ ಹೊಂದುವುದು ಗರ್ಭಕಂಠದ ಕ್ಯಾನ್ಸರ್. ಎಚ್‌ಪಿವಿ ವೈರಸ್ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ವೈರಸ್‌ನ 16 ಮತ್ತು 18ನೇ ಬಗೆಗಳೇ ಸುಮಾರು ಶೇ. 70ರಷ್ಟು ಗರ್ಭಕಂಠದ ಕ್ಯಾನ್ಸರ್‌ಗಳ ಹಿಂದಿವೆ. ಸೋಂಕು ತಗುಲಿ, ಜೀವಕೋಶಗಳು ಬದಲಾಗಿ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ದೀರ್ಘ ಅವಧಿಯಲ್ಲಿ ಯಾವಾಗ ಕಂಡುಹಿಡಿದರೂ ಬದಲಾದ ಭಾಗವನ್ನು ಸಣ್ಣ ಚಿಕಿತ್ಸೆಯಿಂದ ತೆಗೆದುಹಾಕಬಹುದು, ಕ್ಯಾನ್ಸರ್ ಬರುವುದನ್ನೇ ತಪ್ಪಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಸಾಮಾನ್ಯ ಮಹಿಳೆಯರಿಗೆ 30ನೇ ವಯಸ್ಸಿನಿಂದ 5ರಿಂದ 10 ವರ್ಷಗಳಿಗೊಮ್ಮೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೂ, ಎಚ್‌ಐವಿ ಸೋಂಕಿರುವವರಿಗೆ 25ರಿಂದಲೇ 3ರಿಂದ 5 ವರ್ಷಗಳಿಗೊಮ್ಮೆ ಪರೀಕ್ಷೆಯನ್ನೂ ಸೂಚಿಸುತ್ತದೆ. ಈ ಪರೀಕ್ಷೆಗೆ ಮಹಿಳೆಯರು ತಾವೇ ಮಾದರಿ ತೆಗೆದುಕೊಡಬಹುದು ಎಂಬ ಸಂಗತಿಯನ್ನು ನೆನಪಿಡಿ. ಸಂಕೋಚದಿಂದ ಹಿಂಜರಿಯುವವರ ಮುಂದೆ ಇದನ್ನು ಹೇಳಿದರೆ ಕೆಲವೊಮ್ಮೆ ಅಲ್ಲಿಗೇ ತಕರಾರು ಮುಗಿಯುತ್ತದೆ.

ಸ್ತನ ಕ್ಯಾನ್ಸರ್‌ಗೆ ಮ್ಯಾಮೊಗ್ರಾಮ್. ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ: ಅಮೆರಿಕದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ ಎಂಬ ತಜ್ಞರ ಸಮಿತಿ 2024ರಿಂದ 40–74ರ ವಯೋಮಾನಕ್ಕೆ ಎರಡು ವರ್ಷಕ್ಕೊಮ್ಮೆ ಎನ್ನುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 50–69ರವರಿಗೆ ಆದ್ಯತೆ ಕೊಡುತ್ತದೆ. ದೊಡ್ಡ ಕರುಳಿನ ವಿಷಯದಲ್ಲಿ, 45 ದಾಟಿದವರಿಗೆ ವರ್ಷಕ್ಕೊಮ್ಮೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಗುರುತಿಸುವ ಫಿಟ್ ಪರೀಕ್ಷೆ ಅಥವಾ ಹತ್ತು ವರ್ಷಕ್ಕೊಮ್ಮೆ, ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಭಾಗವನ್ನು ನೋಡುವ ಕೊಲೊನೊಸ್ಕೋಪಿ ಎಂಬುದು ಅಮೆರಿಕದ ಕ್ರಮ. ಬೇರೆ ಹಲವು ದೇಶಗಳು 50ರಿಂದ ಆರಂಭಿಸುತ್ತವೆ. ಕರುಳಿನ ಒಳಪದರದಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟುಗಳು ಕ್ಯಾನ್ಸರ್ ಆಗಲು ಸುಮಾರು ಹತ್ತು ವರ್ಷ ಬೇಕಾಗುವುದರಿಂದ, ಕೊಲೊನೊಸ್ಕೋಪಿಯ ವೇಳೆಯಲ್ಲಿಯೇ ಅವನ್ನು ತೆಗೆದುಬಿಟ್ಟರೆ ರೋಗದ ದಾರಿಯೇ ಮುಚ್ಚುತ್ತದೆ.

ಶ್ವಾಸಕೋಶದ ಸ್ಕ್ರೀನಿಂಗ್ ಎಲ್ಲರಿಗೂ ಅಲ್ಲ. 50ರಿಂದ 80 ವಯಸ್ಸಿನವರಾಗಿದ್ದು, ದಿನಕ್ಕೊಂದು ಪ್ಯಾಕ್‌ನಂತೆ 20 ವರ್ಷ ಸೇದಿದಷ್ಟು ಧೂಮಪಾನದ ಇತಿಹಾಸವಿದ್ದು, ಈಗಲೂ ಸೇದುತ್ತಿರುವ ಅಥವಾ ಬಿಟ್ಟು 15 ವರ್ಷ ದಾಟಿರದ ಜನರಿಗೆ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಬೇಕೆಂದು ಅದೇ ಟಾಸ್ಕ್ ಫೋರ್ಸ್ 2021ರಲ್ಲಿ ಹೇಳಿತು. ಇದಕ್ಕೆ ಮುಖ್ಯ ಆಧಾರ, 53,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಅಧ್ಯಯನ. ಸಾಧಾರಣ ಎದೆಯ ಎಕ್ಸ್‌ರೇಗೆ ಹೋಲಿಸಿದರೆ ಸಿಟಿ ಸ್ಕ್ಯಾನ್ ಪಡೆದವರಲ್ಲಿ ಶ್ವಾಸಕೋಶ ಕ್ಯಾನ್ಸರ್‌ನಿಂದಾದ ಸಾವು ಶೇ. 20ರಷ್ಟು ಕಡಿಮೆಯಿತ್ತು. ಆದ್ದರಿಂದ “ಎದೆಯ ಎಕ್ಸ್‌ರೇ ತೆಗೆಸಿದ್ದೇನೆ, ಸಾಕು” ಎಂಬ ಸಮಾಧಾನ ಸರಿಯಲ್ಲ. ಪುರುಷರ ಪ್ರಾಸ್ಟೇಟ್‌ಗೆ ಸಂಬಂಧಿಸಿದ ಪಿಎಸ್‌ಎ ರಕ್ತಪರೀಕ್ಷೆಯನ್ನು 55–69ರ ವಯಸ್ಸಿನಲ್ಲಿ ವೈದ್ಯರೊಂದಿಗೆ ಲಾಭ-ನಷ್ಟ ಮಾತನಾಡಿಕೊಂಡು ನಿರ್ಧರಿಸುವುದು ಒಳ್ಳೆಯದು; 70ರ ನಂತರ ಅದನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ. ತಂಬಾಕು ಸೇದುವ, ಅಗಿಯುವ ಅಭ್ಯಾಸವಿರುವವರ ಬಾಯನ್ನು ತರಬೇತಾದವರು ಬೆಳಕು ಬಿಟ್ಟು ನೋಡುವುದು ಕೆಲವೇ ನಿಮಿಷಗಳ ಕೆಲಸ, ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಪರೀಕ್ಷೆ ಅತಿಯಾದರೂ ಕೇಡು ಎಂಬುದನ್ನು ಇಲ್ಲಿಯೇ ಹೇಳಬೇಕು. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್‌ಗೆ ಅಲ್ಟ್ರಾಸೌಂಡ್ ಪರೀಕ್ಷೆ ವ್ಯಾಪಕವಾದ ಮೇಲೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು, ಆದರೆ ಆ ರೋಗದಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲಿಲ್ಲ. ಅಂದರೆ, ಎಂದೂ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಜನ ಶಸ್ತ್ರಚಿಕಿತ್ಸೆಗೆ ಒಳಗಾದರು. ಅಂಡಾಶಯದ ಕ್ಯಾನ್ಸರ್‌ಗೆಂದು ಸಿಎ-125 ರಕ್ತಪರೀಕ್ಷೆಯನ್ನು ಸಾಮಾನ್ಯ ಅಪಾಯದ, ಲಕ್ಷಣವಿಲ್ಲದ ಮಹಿಳೆಯರಿಗೆ ಮಾಡಿಸಿದರೂ ಸಾವು ತಗ್ಗುವುದಿಲ್ಲವೆಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2021ರಲ್ಲಿ ತೋರಿಸಿತು. ಹೀಗಾಗಿ ‘ಇಷ್ಟು ಹಣಕ್ಕೆ ಎಲ್ಲ ಕ್ಯಾನ್ಸರ್ ಪರೀಕ್ಷೆ’ ಎಂಬ ಪ್ಯಾಕೇಜುಗಳನ್ನು ನಿಮ್ಮವರ ಮೇಲೆ ಹೇರಬೇಡಿ. ಅವರು ಹಿಂಜರಿಯುತ್ತಿರುವುದು ಇಂಥ ಅನಗತ್ಯ ಪರೀಕ್ಷೆಗೇ ಆಗಿದ್ದರೆ ಆ ಹಿಂಜರಿಕೆಯೇ ಸರಿ.

ಇದರ ಜೊತೆಗೆ ಕುಟುಂಬದ ಇತಿಹಾಸವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿನಲ್ಲಿ ಕ್ಯಾನ್ಸರ್ ಬಂದಿತ್ತು ಎಂದು. ಹೆತ್ತವರಿಗೋ ಒಡಹುಟ್ಟಿದವರಿಗೋ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ, 40ನೇ ವಯಸ್ಸಿನಲ್ಲಿ ಅಥವಾ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ, ತಪಾಸಣೆ ಆರಂಭಿಸುವುದು ಹಲವು ಮಾರ್ಗಸೂಚಿಗಳ ಕ್ರಮ. ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬಂದಿದ್ದರೆ ದೋಷವಿದ್ದರೆ ಈ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್‌ಗಳ ಬಗ್ಗೆ ವೈದ್ಯರನ್ನು ಕೇಳಬೇಕು. ಹಾಗೆಯೇ, ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶವನ್ನು ಗರ್ಭಕಂಠದ ಸಮೇತ ತೆಗೆದಿರುವವರಿಗೆ ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಸಾಮಾನ್ಯವಾಗಿ ಅಗತ್ಯವಿಲ್ಲ ಎಂಬಂಥ ವಿನಾಯಿತಿಗಳೂ ಇವೆ. ಈ ಹಾಳೆಯೊಂದಿಗೆ ನೀವು ಮೊದಲು ಕುಟುಂಬ ವೈದ್ಯರನ್ನು ಕಂಡು ಬಂದರೆ, ಮುಂದಿನ ಮಾತುಕತೆಯಲ್ಲಿ “ಎಲ್ಲ ಮಾಡಿಸಿ” ಎನ್ನುವ ಬದಲು “ಈ ಒಂದು ಪರೀಕ್ಷೆ ಸಾಕಂತೆ” ಎನ್ನಲು ಸಾಧ್ಯವಾಗುತ್ತದೆ.

ಹೆಜ್ಜೆ 2: ಲಕ್ಷಣ ಇದೆಯೇ ಎಂದು ಕೇಳಿ

ಮೂರು ವಾರಕ್ಕೂ ವಾಸಿಯಾಗದ ಬಾಯಿ ಹುಣ್ಣು, ಸ್ತನದಲ್ಲಿ ಗಂಟು, ಮಲದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತು ಸ್ಕ್ರೀನಿಂಗ್‌ನದ್ದಲ್ಲ. ಆಗ ಈ ಮಾರ್ಗದರ್ಶಿಯ ನಿಧಾನದ ಹೆಜ್ಜೆಗಳನ್ನು ಬದಿಗಿಟ್ಟು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೆಲವರು ಲಕ್ಷಣ ಇರುವುದರಿಂದಲೇ ಪರೀಕ್ಷೆಯ ಮಾತನ್ನು ತಳ್ಳಿಹಾಕುತ್ತಾರೆ. ಅಂಥವರ ‘ಬೇಡ’ ಇದ್ದಕ್ಕಿದ್ದಂತೆ ಗಟ್ಟಿಯಾಗಿರುತ್ತದೆ, ಮಾತು ಬೇಗ ಬದಲಾಗುತ್ತದೆ. ಆ ಚಹರೆಯನ್ನು ಗಮನಿಸಿ.

ಹೆಜ್ಜೆ 3: ‘ಬೇಡ’ದ ಬೇರನ್ನು ಹುಡುಕಿ

ಬಾಯಿಂದ ಹೊರಬರುವ ಕಾರಣವೂ ಮನಸ್ಸಿನಲ್ಲಿರುವ ಕಾರಣವೂ ಒಂದೇ ಆಗಿರಬೇಕಿಲ್ಲ. “ಪುರುಸೊತ್ತಿಲ್ಲ” ಎಂಬ ಮಾತಿನ ಹಿಂದೆ ಹಣದ ಚಿಂತೆ ಇರಬಹುದು, “ಹಣ ದಂಡ” ಎಂಬುದರ ಹಿಂದೆ ಭಯ ಇರಬಹುದು. ನನ್ನ ಅನುಭವದಲ್ಲಿ ಅತಿ ಹೆಚ್ಚು ಕಾಣಿಸುವುದು ಭಯವೇ, ಆದರೆ ಭಯದಲ್ಲಿಯೂ ಬಗೆಗಳಿವೆ: ಪರೀಕ್ಷೆಯ ನೋವಿನ ಭಯ, ಬೇರೆಯವರ ಮುಂದೆ ಮೈ ತೋರಿಸಬೇಕಾದ ಭಯ, ಫಲಿತಾಂಶದ ಭಯ, ರೋಗವಿದೆ ಎಂದಾದರೆ ಮನೆಯವರಿಗೆ ಹೊರೆಯಾಗುತ್ತೇನೆ ಎಂಬ ಭಯ. ಈ ಕೊನೆಯದನ್ನು ಹಿರಿಯರು ಎಂದೂ ತಾವಾಗಿ ಹೇಳುವುದಿಲ್ಲ. ಮಕ್ಕಳ ಓದಿಗೆ, ಮದುವೆಗೆ ಕೂಡಿಟ್ಟ ಹಣ ತಮ್ಮ ಚಿಕಿತ್ಸೆಗೆ ಕರಗಿಹೋಗುವುದಾದರೆ ಗೊತ್ತಿಲ್ಲದಿರುವುದೇ ಲೇಸು ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿರುತ್ತಾರೆ. ಇದು ಪ್ರೀತಿಯಿಂದ ಹುಟ್ಟಿದ ನಿರಾಕರಣೆ, ಅದಕ್ಕೆ ಅಂಕಿಅಂಶಗಳು ಉತ್ತರವಾಗಲಾರವು.

ಮತ್ತೊಂದು ಬಗೆಯವರು ಹಣೆಬರಹವನ್ನು ನಂಬುವವರು: “ಬರುವುದಿದ್ದರೆ ಬಂದೇ ಬರುತ್ತದೆ.” ಇವರಲ್ಲಿ ಬಹುಪಾಲು ಜನ ಹತ್ತಿರದವರೊಬ್ಬರು ಕೊನೆಯ ಹಂತದಲ್ಲಿ ರೋಗ ಪತ್ತೆಯಾಗಿ, ಬಹಳ ನೋವುಂಡು ತೀರಿಕೊಂಡದ್ದನ್ನು ಕಣ್ಣಾರೆ ಕಂಡವರಾಗಿರುತ್ತಾರೆ. ಅವರ ಮಟ್ಟಿಗೆ ಕ್ಯಾನ್ಸರ್ ಎಂದರೆ ಆ ಒಬ್ಬರ ಕೊನೆಯ ದಿನಗಳು. ಆ ನೆನಪಿನ ಬಗ್ಗೆ ಮಾತನಾಡಲು ಅವರಿಗೆ ಅವಕಾಶ ಕೊಡದೆ ಪರೀಕ್ಷೆಯ ವಿಷಯಕ್ಕೆ ಹೋಗಬೇಡಿ. ಇನ್ನು ಹಿಂದೊಮ್ಮೆ ಆಸ್ಪತ್ರೆಯಲ್ಲಿ ಒರಟು ಮಾತು ಕೇಳಿಸಿಕೊಂಡವರು, ನೋವಾಗುವಂತೆ ಪರೀಕ್ಷೆಗೊಳಗಾದವರು ಇರುತ್ತಾರೆ. ಲೈಂಗಿಕ ದೌರ್ಜನ್ಯ ಅನುಭವಿಸಿದ ಮಹಿಳೆಯರಿಗೆ ಗರ್ಭಕಂಠದ ಪರೀಕ್ಷೆ ಸಹಿಸಲಾಗದಷ್ಟು ಕಠಿಣವಾಗಬಹುದು, ಅದನ್ನು ಅವರು ಯಾರೊಡನೆಯೂ ಹೇಳಿಕೊಂಡಿರದೇ ಇರಬಹುದು. ಆದ್ದರಿಂದಲೇ ಕಾರಣ ಕೇಳುವಾಗ ಬಲವಂತ ಸಲ್ಲದು.

ಕೇಳುವ ಬಗೆ ಹೀಗಿರಲಿ. “ಯಾಕೆ ಬೇಡ?” ಎಂಬ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ, ಎದುರಿನವರು ತಕ್ಷಣ ಸಮರ್ಥನೆಗೆ ಇಳಿಯುತ್ತಾರೆ. “ಅಮ್ಮ, ಈ ಪರೀಕ್ಷೆ ಅಂದ ತಕ್ಷಣ ನಿನಗೆ ಮೊದಲು ಏನು ನೆನಪಾಗುತ್ತದೆ?” ಎಂದರೆ ಕಥೆಯೊಂದು ಹೊರಬರುತ್ತದೆ. ಬಂದ ಉತ್ತರಕ್ಕೆ ಕೂಡಲೇ ಪರಿಹಾರ ಹೇಳದೆ, ಅವರ ಮಾತನ್ನೇ ನಿಮ್ಮ ಮಾತಿನಲ್ಲಿ ಮರಳಿ ಹೇಳಿ: “ಅತ್ತೆಗೆ ಆದ ಹಾಗೆ ನಿನಗೂ ಆಗಿಬಿಟ್ಟರೆ ಅನ್ನೋ ದಿಗಿಲು, ಅಲ್ಲವೇನಮ್ಮ?” ಸರಿಯಾಗಿದ್ದರೆ ಅವರು ಮುಂದುವರಿಸುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ, ಎರಡರಿಂದಲೂ ನೀವು ಬೇರಿನ ಹತ್ತಿರಕ್ಕೆ ಹೋಗುತ್ತೀರಿ.

ಹೆಜ್ಜೆ 4: ಮಾತನಾಡುವ ಹೊತ್ತು, ಜಾಗ ಮತ್ತು ವ್ಯಕ್ತಿಯನ್ನು ಆರಿಸಿ

ಹತ್ತು ಜನ ಸೇರಿದಾಗ, ಜಗಳದ ನಡುವೆ, ಯಾರದೋ ಸಾವಿನ ಸುದ್ದಿ ಬಂದ ಗಳಿಗೆಯಲ್ಲಿ ಈ ಮಾತೆತ್ತಬೇಡಿ. ಇಬ್ಬರೇ ನಡೆದುಹೋಗುವಾಗ, ಜೊತೆಯಾಗಿ ಕೆಲಸ ಮಾಡುವಾಗ, ಒಬ್ಬರ ಮುಖ ಒಬ್ಬರು ದಿಟ್ಟಿಸಿ ನೋಡಬೇಕಾಗಿಲ್ಲದ ಹೊತ್ತಿನಲ್ಲಿ ಕಷ್ಟದ ವಿಷಯಗಳು ಸಲೀಸಾಗಿ ಹೊರಬರುತ್ತವೆ. ಮಾತನಾಡಬೇಕಾದವರು ನೀವೇ ಆಗಬೇಕೆಂಬ ಹಟವೂ ಬೇಡ. ಮಗನ ಮಾತಿಗೆ ಸಿಡುಕುವ ತಂದೆ, ತಮ್ಮ ಓರಗೆಯ ಗೆಳೆಯ “ನಾನೂ ಹೋದ ತಿಂಗಳು ಮಾಡಿಸಿದೆ, ಏನೂ ಕಷ್ಟವಿಲ್ಲ” ಎಂದರೆ ಕೇಳಿಸಿಕೊಳ್ಳುತ್ತಾರೆ. ಗರ್ಭಕಂಠದ ಪರೀಕ್ಷೆಯ ವಿಷಯವನ್ನು ಮಗಳೋ ತಂಗಿಯೋ ಸೊಸೆಯೋ ತೆಗೆದರೆ ಸಂಕೋಚ ಕಡಿಮೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಚಟವಿದ್ದವರೊಡನೆ ಮಾತನಾಡುವ ಕ್ರಮವೊಂದನ್ನು ವಿವರಿಸಿದರು. ಮುಂದೆ ಸ್ಟೀಫನ್ ರೋಲ್‌ನಿಕ್ ಅವರ ಜೊತೆಗೂಡಿ ಅದನ್ನು ಬೆಳೆಸಿದರು. ಬದಲಾವಣೆಯ ಪರವಾಗಿ ನಾವು ವಾದಿಸಿದಷ್ಟೂ ಎದುರಿನವರು ಅದರ ವಿರುದ್ಧ ವಾದಿಸುತ್ತಾರೆ, ಹಾಗಾಗಿ ಬದಲಾವಣೆಯ ಕಾರಣಗಳು ಅವರ ಬಾಯಿಂದಲೇ ಬರುವಂತೆ ಮಾತು ನಡೆಸಬೇಕು ಎಂಬುದು ಅದರ ತಿರುಳು. ಅದರಲ್ಲಿನ ಒಂದು ಸಣ್ಣ ಉಪಾಯ ಮನೆಮಂದಿಗೂ ಉಪಯೋಗಕ್ಕೆ ಬರುತ್ತದೆ. “ಅಪ್ಪ, ಈ ಪರೀಕ್ಷೆ ಮಾಡಿಸಿಕೊಳ್ಳುವುದು ನಿಮಗೆ ಎಷ್ಟು ಮುಖ್ಯ ಅನ್ನಿಸುತ್ತದೆ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳಿ” ಎಂದು ಕೇಳಿ. ಅವರು “ಮೂರು” ಎಂದರೆ, “ಅಷ್ಟೇನಾ?” ಎನ್ನಬೇಡಿ. “ಸೊನ್ನೆ ಅನ್ನದೆ ಮೂರು ಅಂದಿರಲ್ಲ, ಯಾಕೆ?” ಎಂದು ಕೇಳಿ. ಆಗ ಅವರು ತಾವೇ ಪರೀಕ್ಷೆಯ ಪರವಾದ ಕಾರಣವನ್ನು ಹುಡುಕಿ ಹೇಳಬೇಕಾಗುತ್ತದೆ: “ನನ್ನ ಅಣ್ಣನಿಗೆ ಬಂದಿತ್ತಲ್ಲ, ಅದಕ್ಕೆ.” ಇನ್ನು ಮಾತು ಆ ಅಣ್ಣನಿಂದ ಮುಂದುವರಿಯಲಿ.

ಮಾಹಿತಿ ಕೊಡುವ ಮುಂಚೆ ಒಪ್ಪಿಗೆ ಕೇಳುವುದೂ ಮರ್ಯಾದೆ. “ಡಾಕ್ಟರು ಇದರ ಬಗ್ಗೆ ಒಂದು ವಿಷಯ ಹೇಳಿದರು, ಹೇಳಲಾ?” ಎಂದು ಕೇಳಿ, ಹೇಳಿದ ಮೇಲೆ “ನಿಮಗೆ ಹೇಗನ್ನಿಸಿತು?” ಎಂದು ಬಿಟ್ಟುಬಿಡಿ. ಒಂದೇ ಸಲಕ್ಕೆ ತೀರ್ಮಾನವಾಗಬೇಕಿಲ್ಲ. ಹೆದರಿಸುವುದು, ಆಣೆ ಹಾಕಿಸುವುದು, “ನಮ್ಮ ಮೇಲೆ ಪ್ರೀತಿ ಇದ್ದರೆ ಮಾಡಿಸಿಕೊಳ್ಳಿ” ಎನ್ನುವುದು, ಬೇರೆ ಕೆಲಸವೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯುವುದು ಖಂಡಿತ ಬೇಡ. ಸ್ಕ್ರೀನಿಂಗ್ ಒಂದು ದಿನಕ್ಕೆ ಮುಗಿಯುವುದಲ್ಲ, ನಿಗದಿತ ಅವಧಿಗೊಮ್ಮೆ ಮರಳಬೇಕಾದದ್ದು. ಒಮ್ಮೆ ಮೋಸ ಹೋದವರು ಎರಡನೆಯ ಸಲ ಬರುವುದಿಲ್ಲ.

ಹೆಜ್ಜೆ 5: ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿ

“ನೋವಾಗುತ್ತದೆಯೇ?” ಎಂದರೆ “ಏನೂ ಆಗುವುದಿಲ್ಲ” ಎನ್ನಬೇಡಿ. ಮ್ಯಾಮೊಗ್ರಾಮ್‌ನಲ್ಲಿ ಸ್ತನವನ್ನು ಎರಡು ಫಲಕಗಳ ನಡುವೆ ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿಯುತ್ತಾರೆ. ಕೆಲವರಿಗೆ ಹಿಂಸೆಯಾಗುತ್ತದೆ, ಬಹಳ ಜನರಿಗೆ ಸಹಿಸಬಹುದಾದಷ್ಟೇ ಇರುತ್ತದೆ. ತಡೆಯಲಾಗದಿದ್ದರೆ ನಿಲ್ಲಿಸಿ ಎನ್ನುವ ಹಕ್ಕು ಅವರಿಗಿದೆ ಎಂದು ಹೇಳಿ. ವಿಕಿರಣದ ಬಗ್ಗೆ ಕೇಳಿದರೆ, ಒಂದು ಮ್ಯಾಮೊಗ್ರಾಮ್‌ನಿಂದ ಬರುವ ವಿಕಿರಣ ನಾವೆಲ್ಲ ಸುತ್ತಲಿನ ಪ್ರಕೃತಿಯಿಂದ ಕೆಲವೇ ವಾರಗಳಲ್ಲಿ ಪಡೆಯುವಷ್ಟು ಎಂಬ ಹೋಲಿಕೆ ಅವರಿಗೆ ಅರ್ಥವಾಗುತ್ತದೆ.

“ಸುಮ್ಮನೆ ಏನೋ ಇದೆ ಎಂದು ಹೆದರಿಸುತ್ತಾರೆ” ಎಂಬ ಆಕ್ಷೇಪ ಪೂರ್ತಿ ಆಧಾರವಿಲ್ಲದ್ದಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಲೆಕ್ಕದ ಪ್ರಕಾರ ಮ್ಯಾಮೊಗ್ರಾಮ್ ಮಾಡಿಸಿಕೊಂಡ 100 ಮಹಿಳೆಯರಲ್ಲಿ ಸುಮಾರು 4 ಮಂದಿಯನ್ನು ಮತ್ತೆ ಪರೀಕ್ಷೆಗೆ ಕರೆಯುತ್ತಾರೆ, ಆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. ಅಲ್ಲಿನ ಆರೋಗ್ಯ ತಜ್ಞ ಮೈಕೆಲ್ ಮಾರ್ಮೊಟ್ ನೇತೃತ್ವದ ಸ್ವತಂತ್ರ ಸಮಿತಿ 2012ರಲ್ಲಿ ಎಲ್ಲ ಅಧ್ಯಯನಗಳನ್ನೂ ತೂಗಿ ನೋಡಿ, ಸ್ಕ್ರೀನಿಂಗ್‌ಗೆ ಆಹ್ವಾನ ಪಡೆದವರಲ್ಲಿ ಸ್ತನ ಕ್ಯಾನ್ಸರ್‌ನ ಸಾವು ಸುಮಾರು ಶೇ. 20ರಷ್ಟು ತಗ್ಗುತ್ತದೆ, ಆದರೆ ಹೀಗೆ ಉಳಿಸಿದ ಪ್ರತಿಯೊಂದು ಜೀವಕ್ಕೆ ಎದುರಾಗಿ ಸುಮಾರು ಮೂವರು ಮಹಿಳೆಯರು ಎಂದೂ ಅಪಾಯ ತರದಿದ್ದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯಬೇಕಾಗುತ್ತದೆ ಎಂದು ಅಂದಾಜಿಸಿತು. ಈ ಎರಡೂ ಮುಖಗಳನ್ನು ನಿಮ್ಮವರ ಮುಂದಿಡಿ. ಇಷ್ಟೆಲ್ಲ ಹೇಳಿದರೆ ಅವರು ಹಿಂದೆಗೆಯುತ್ತಾರೆ ಎಂದು ನಾನೂ ಮೊದಲು ಅಂಜುತ್ತಿದ್ದೆ. ಆದರೆ ಮುಚ್ಚುಮರೆಯಿಲ್ಲದೆ ಹೇಳಿದವರ ಮಾತಿಗೆ ಬೆಲೆ ಹೆಚ್ಚು, ಮುಂದೆ ಮರುಪರೀಕ್ಷೆಗೆ ಕರೆ ಬಂದಾಗ ಅವರು ಕುಸಿದುಹೋಗುವುದೂ ಇಲ್ಲ.

“ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ” ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ಸೂಜಿಯಿಂದ ಮಾದರಿ ತೆಗೆದುದರಿಂದ ರೋಗ ಹರಡುವುದು ತೀರಾ ಅಪರೂಪ. ಅಂಥ ಸಾಧ್ಯತೆ ಇರುವ ಕೆಲವು ಅಂಗಗಳ ವಿಷಯದಲ್ಲಿ ವೈದ್ಯರು ಮೊದಲೇ ಎಚ್ಚರ ವಹಿಸುತ್ತಾರೆ. ಕೊನೆಯ ಹಂತದಲ್ಲಿ ಬಂದವರಿಗೆ ಬಯಾಪ್ಸಿ ಆದ ಕೆಲವೇ ದಿನಗಳಲ್ಲಿ ಕಾಯಿಲೆ ಉಲ್ಬಣಿಸಿದ್ದನ್ನು ಕಂಡು ಈ ನಂಬಿಕೆ ಬೆಳೆದಿರಬೇಕು ಎಂಬುದು ನನ್ನ ಊಹೆ.

ಎಚ್‌ಪಿವಿ ಪರೀಕ್ಷೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ತಿಳಿದ ಕೂಡಲೇ ಮಹಿಳೆಯರು “ನನ್ನನ್ನು ಅನುಮಾನಿಸುತ್ತಿದ್ದೀರಾ?” ಎಂದು ನೊಂದುಕೊಳ್ಳಬಹುದು, ಪಾಸಿಟಿವ್ ಬಂದರೆ ಗಂಡ ಹೆಂಡಿರ ನಡುವೆ ಸಂಶಯ ಹುಟ್ಟಬಹುದು. ಲೈಂಗಿಕ ಜೀವನ ನಡೆಸುವ ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗುಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಹಲವು ವರ್ಷ ಸದ್ದಿಲ್ಲದೆ ಉಳಿದು ಆಮೇಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪಾಸಿಟಿವ್ ಫಲಿತಾಂಶ ಯಾರ ನಡತೆಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಇದನ್ನು ಪರೀಕ್ಷೆಗೆ ಮೊದಲೇ, ಸಾಧ್ಯವಾದರೆ ದಂಪತಿಗಳಿಬ್ಬರಿಗೂ ವೈದ್ಯರಿಂದಲೇ ಹೇಳಿಸಿ.

ಹಣದ ಚಿಂತೆ ಇರುವವರಿಗೆ ಭರವಸೆಯ ಮಾತಿಗಿಂತ ಲೆಕ್ಕ ಬೇಕು. ಪರೀಕ್ಷೆಗೆ ಎಷ್ಟು, ವಿಮೆಯಲ್ಲಿ ಬರುತ್ತದೆಯೇ, ಸರ್ಕಾರದ ಯೋಜನೆಯಲ್ಲಿ ಉಚಿತವೇ, ಏನಾದರೂ ಕಂಡುಬಂದರೆ ಮುಂದಿನ ಪರೀಕ್ಷೆಗಳ ವೆಚ್ಚ ಎಲ್ಲಿಂದ ಎಂಬುದನ್ನು ವಿಚಾರಿಸಿ ಬರೆದು ತೋರಿಸಿ. ಆರಂಭದಲ್ಲಿ ಸಿಕ್ಕ ರೋಗದ ಚಿಕಿತ್ಸೆ ಸಾಮಾನ್ಯವಾಗಿ ಚಿಕ್ಕದು, ಬಲಿತ ರೋಗದ್ದು ದೀರ್ಘ ಎಂಬ ಮಾತು, ಹೊರೆಯಾಗುತ್ತೇನೆಂದು ಅಂಜುವವರ ಮನಸ್ಸಿಗೆ ನೇರವಾಗಿ ತಟ್ಟುತ್ತದೆ.

ಹೆಜ್ಜೆ 6: “ನೋಡೋಣ” ಎಂದ ದಿನವೇ ದಿನಾಂಕ ಗೊತ್ತುಮಾಡಿ

ಒಪ್ಪಿಕೊಂಡವರಲ್ಲಿಯೂ ಎಷ್ಟೋ ಜನ ಪರೀಕ್ಷೆಯ ಕೋಣೆಯವರೆಗೆ ತಲುಪುವುದಿಲ್ಲ. ಒಂದು ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆಂದು ಮೊದಲೇ ಖಚಿತಪಡಿಸಿಕೊಂಡರೆ ಅದು ನಡೆಯುವ ಸಾಧ್ಯತೆ ಹೆಚ್ಚು ಎಂಬುದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಅವರ ಪ್ರತಿಪಾದನೆ. ಪ್ಯಾಸ್ಕಲ್ ಶೀರನ್ ಮತ್ತು ಶೀನಾ ಓರ್ಬೆಲ್ ಇದನ್ನು ಗರ್ಭಕಂಠದ ತಪಾಸಣೆಗೇ ಅನ್ವಯಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಾಯಿಂಟ್‌ಮೆಂಟ್ ಯಾವಾಗ, ಎಲ್ಲಿ, ಹೇಗೆ ತೆಗೆದುಕೊಳ್ಳುತ್ತೇನೆಂದು ಬರೆದುಕೊಟ್ಟ ಮಹಿಳೆಯರಲ್ಲಿ ಶೇ. 92ರಷ್ಟು ಮಂದಿ ತಪಾಸಣೆಗೆ ಹೋದರು, ಹಾಗೆ ಬರೆಯದವರಲ್ಲಿ ಹೋದವರು ಶೇ. 69. ಕಾಗದದ ಮೇಲೆ ಬರೆದ ಒಂದೆರಡು ಸಾಲಿನಿಂದ ಇಷ್ಟು ವ್ಯತ್ಯಾಸವಾಯಿತು.

ಆದ್ದರಿಂದ ಅವರು ಮೆತ್ತಗಾದ ಆ ಹೊತ್ತಿನಲ್ಲಿಯೇ, ಅವರೆದುರಿಗೇ ಫೋನ್ ಮಾಡಿ ದಿನಾಂಕ ಪಡೆಯಿರಿ. ಕರೆಯುವಾಗ ಪರೀಕ್ಷೆ ಮಾಡುವವರು ಮಹಿಳೆಯೇ, ಜೊತೆಗೊಬ್ಬರು ಒಳಗೆ ಬರಬಹುದೇ, ಒಟ್ಟು ಎಷ್ಟು ಸಮಯ, ವರದಿ ಯಾವಾಗ ಎಂದು ಕೇಳಿಕೊಳ್ಳಿ. ಸಿದ್ಧತೆಯನ್ನು ಒಂದು ಚೀಟಿಯಲ್ಲಿ ಬರೆಯಿರಿ. ಮ್ಯಾಮೊಗ್ರಾಮ್‌ಗೆ ಹೋಗುವ ದಿನ ಕಂಕುಳಿಗೆ ಪೌಡರ್, ಡಿಯೊಡರೆಂಟ್ ಹಚ್ಚಬಾರದು. ಮುಟ್ಟು ಇನ್ನೂ ನಿಂತಿರದವರು ಮುಟ್ಟು ಮುಗಿದ ಮರುವಾರ ಹೋದರೆ ನೋವು ಕಡಿಮೆ. ಹಳೆಯ ಚಿತ್ರಗಳಿದ್ದರೆ ಜೊತೆಗಿರಲಿ. ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮುಟ್ಟಿನ ದಿನಗಳಲ್ಲಿ ಬೇಡ, ಅದಕ್ಕೆ ಮುಂಚಿನ ಎರಡು ದಿನ ಯೋನಿಯೊಳಗೆ ಹಾಕುವ ಕ್ರೀಮ್, ಔಷಧಿಗಳನ್ನು ಬಳಸಬಾರದು. ಫಿಟ್ ಪರೀಕ್ಷೆಗೆ ಪಥ್ಯವೇನೂ ಇಲ್ಲ, ಮನೆಯಲ್ಲಿಯೇ ಮಾದರಿ ತೆಗೆಯಬಹುದು. ಕೊಲೊನೊಸ್ಕೋಪಿ ಎಂದರೆ ಹೌಹಾರುವವರನ್ನು ಇದರಿಂದ ಆರಂಭಿಸುವುದು ಜಾಣತನ.

ಕೊಲೊನೊಸ್ಕೋಪಿಗೆ ಮಾತ್ರ ತಯಾರಿ ಹೆಚ್ಚು. ಹಿಂದಿನ ದಿನವೆಲ್ಲ ತಿಳಿಯಾದ ದ್ರವಾಹಾರ, ಆಮೇಲೆ ಕರುಳು ಖಾಲಿಯಾಗಿಸುವ ಔಷಧಿ, ಪದೇ ಪದೇ ಶೌಚಾಲಯ. ಪರೀಕ್ಷೆಗಿಂತ ಈ ರಾತ್ರಿಯೇ ಕಷ್ಟ ಎಂದು ಮಾಡಿಸಿಕೊಂಡವರು ಹೇಳುತ್ತಾರೆ. ಆ ರಾತ್ರಿ ಅವರ ಜೊತೆಯಲ್ಲಿರಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುತ್ತಿದ್ದರೆ ಏನು ಮಾಡಬೇಕೆಂದು ವೈದ್ಯರನ್ನು ಒಂದು ವಾರ ಮೊದಲೇ ಕೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಮಂಪರಿನ ಔಷಧಿ ಕೊಡುವುದರಿಂದ ಅಂದು ಅವರು ವಾಹನ ಓಡಿಸುವಂತಿಲ್ಲ, ಕರೆತರಲು ಒಬ್ಬರು ಬೇಕೇ ಬೇಕು.

ಹೆಜ್ಜೆ 7: ಜೊತೆಗೆ ಹೋಗಿ, ಫಲಿತಾಂಶವನ್ನು ಬೆನ್ನುಹತ್ತಿ

ಜೊತೆಗೆ ಹೋದ ದಿನ ಬೋಧನೆ ಬೇಡ, ಇರುವಿಕೆ ಸಾಕು. ನಿಮಗೂ ಅದೇ ತಪಾಸಣೆಯ ವಯಸ್ಸಾಗಿದ್ದರೆ ಇಬ್ಬರೂ ಒಂದೇ ದಿನ ಮಾಡಿಸಿಕೊಳ್ಳಿ. ಅಕ್ಕತಂಗಿಯರು ಹೀಗೆ ಜೊತೆಯಾಗಿ ಹೋದದ್ದನ್ನು ಕಂಡಿದ್ದೇನೆ; ಒಬ್ಬರಿಗೊಬ್ಬರು ಧೈರ್ಯವಾಗುತ್ತಾರೆ.

ವರದಿ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ಭಾವಿಸಬೇಡಿ. ಹೇಳಿದ ದಿನ ದಾಟಿದರೆ ನೀವೇ ಕೇಳಿ. ನಾರ್ಮಲ್ ಎಂದು ಬಂದರೆ ಈ ಸಲಕ್ಕೆ ಏನೂ ಕಾಣಿಸಿಲ್ಲ ಎಂದಷ್ಟೇ ಅರ್ಥ; ಮಧ್ಯದಲ್ಲಿ ಲಕ್ಷಣ ಕಾಣಿಸಿದರೆ ಮುಂದಿನ ಸರದಿಗೆ ಕಾಯಬಾರದು. ಅಸಹಜ ಎಂದು ಬಂದರೆ ಅದು ಇನ್ನೂ ರೋಗನಿರ್ಣಯವಲ್ಲ, ಮುಂದಿನ ಪರೀಕ್ಷೆಗೆ ಕರೆ. ಎಷ್ಟೋ ಕುಟುಂಬಗಳು ಎಡವುವುದು ಇಲ್ಲಿಯೇ: ಫಿಟ್ ಪಾಸಿಟಿವ್ ಬಂದ ಮೇಲೆ “ಮೂಲವ್ಯಾಧಿ ಇದೆಯಲ್ಲ, ಅದರಿಂದ ಇರಬೇಕು” ಎಂದು ಸುಮ್ಮನಾಗುವುದು, ಇಲ್ಲವೇ ಫಿಟ್ ಅನ್ನೇ ಮತ್ತೊಮ್ಮೆ ಮಾಡಿಸಿ ನೆಗೆಟಿವ್ ಬಂದರೆ ನಿಟ್ಟುಸಿರುಬಿಡುವುದು. ಫಿಟ್ ಪಾಸಿಟಿವ್ ಆದ ಮೇಲೆ ಕೊಲೊನೊಸ್ಕೋಪಿಯೊಂದೇ ದಾರಿ, ಅದನ್ನು ತಿಂಗಳುಗಟ್ಟಲೆ ಮುಂದೂಡುವಂತಿಲ್ಲ. ವೈದ್ಯರ ಬಳಿಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಗಾಬರಿಯಲ್ಲಿ ಅವರು ಕೇಳಿಸಿಕೊಳ್ಳದ ಮಾತನ್ನು ನೀವು ಬರೆದುಕೊಳ್ಳಿ, ಮತ್ತು ಫಲಿತಾಂಶವನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಅವರಿಗೇ ಬಿಡಿ.

ಎಲ್ಲ ಪ್ರಯತ್ನದ ನಂತರವೂ ‘ಬೇಡ’ ಎಂದರೆ

ಕೆಲವರು ಎಲ್ಲವನ್ನೂ ತಿಳಿದು, ತೂಗಿ ನೋಡಿ ಬೇಡ ಎನ್ನುತ್ತಾರೆ. ಬಹಳ ವಯಸ್ಸಾದವರು, ಬೇರೆ ಗಂಭೀರ ಕಾಯಿಲೆ ಇರುವವರು ಹಾಗೆಂದರೆ ವೈದ್ಯಕೀಯವಾಗಿಯೂ ಅದು ಸರಿಯಾದ ತೀರ್ಮಾನವಾಗಿರಬಹುದು, ಏಕೆಂದರೆ ಸ್ಕ್ರೀನಿಂಗ್‌ನ ಲಾಭ ಕೈಗೆ ಬರುವುದು ಹಲವು ವರ್ಷಗಳ ನಂತರ. ಉಳಿದವರ ವಿಷಯದಲ್ಲಿ ಮನಸ್ಸು ನೊಂದರೂ ನಿರ್ಧಾರ ಅವರದ್ದೇ. ಆಗ ಎರಡು ವಿಷಯಗಳನ್ನು ಮಾತ್ರ ಕೇಳಿಕೊಳ್ಳಿ: ಎರಡನೆಯ ಹೆಜ್ಜೆಯಲ್ಲಿ ಹೇಳಿದ 5 ಲಕ್ಷಣಗಳಲ್ಲಿ ಯಾವುದಾದರೂ ಕಾಣಿಸಿದರೆ ಮುಚ್ಚಿಡದೆ ಹೇಳಬೇಕೆಂದು, ಮತ್ತು ಇನ್ನಾರು ತಿಂಗಳ ನಂತರ ಒಮ್ಮೆ, ಒಂದೇ ಒಂದು ಸಲ, ಈ ಮಾತನ್ನು ಮತ್ತೆ ಎತ್ತಲು ನಿಮಗೆ ಅವಕಾಶ ಕೊಡಬೇಕೆಂದು. ಒಪ್ಪಿದರೆ ಆ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಅಲ್ಲಿಯವರೆಗೆ ಆ ಮಾತೆತ್ತಬೇಡಿ.